ಹೊಳಪು ನೋಡಿ ಕೂಗಬೇಡ

ಪುಟ್ಟಿ, ನೀನು ಜೂರಿಕ್‌ನಿಂದ ಕಳಿಸಿದ ಕ್ಯಾಟಲಾಗ್ ನೋಡಿದೆ. ನವೆಂಬರಿನಲ್ಲಿ ಜಿನೀವಾದಲ್ಲಿ ಆಗುವ ಹರಾಜಿನಲ್ಲಿ ಆ ಸ್ಟೀಲ್ ಒಮೆಗಾ ಕಾನ್‌ಸ್ಟಲೇಷನ್‌ಗೆ ಕೂಗಬೇಕು ಅಂತಿದ್ದೀಯ. ‘ಮಾವ, ಅರವತ್ತು ವರ್ಷದ ವಾಚು, ನಿನ್ನೆ ಮೊನ್ನೆ ಅಂಗಡಿಯಿಂದ ತಂದ ಹಾಗಿದೆ, ಎಷ್ಟರ ತನಕ ಹೋಗಬಹುದು?’ ಅಂತ ಕೇಳಿದ್ದೀಯ. ಎಷ್ಟರ ತನಕ ಅನ್ನುವುದನ್ನು ಕಡೆಗೆ ಹೇಳುತ್ತೇನೆ. ನಿನ್ನೆ ಮೊನ್ನೆ ತಂದ ಹಾಗಿದೆ ಅಂದೆಯಲ್ಲ, ನನಗೆ ಅನುಮಾನ ಹುಟ್ಟಿದ್ದೇ ಆ ಮಾತಿಗೆ.

ರಿಪೇರಿಯವರ ಕಣ್ಣೇ ಬೇರೆ, ಹರಾಜಿನವರ ಕಣ್ಣೇ ಬೇರೆ. ನಾನು ಬೆಂಚಿನ ಮುಂದೆ ಕೂತು ಅನ್ನ ದುಡಿದವನು. ಚಿಕ್ಕಪೇಟೆ, ಅವೆನ್ಯೂ ರಸ್ತೆ ಕಡೆ ನಮ್ಮ ಕಸುಬಿನವರ ಹತ್ತಿರ ಹಳೆ ವಾಚು ಬಂತು ಅಂದರೆ ಆಗುತ್ತಿದ್ದ ಕೆಲಸ ಇಷ್ಟು: ಮಷೀನು ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು ಎಣ್ಣೆ ಹಾಕುವುದು, ಗೀರು ಬಿದ್ದ ಗ್ಲಾಸ್ ಬದಲಾಯಿಸುವುದು, ಕೇಸನ್ನು ಬಫ್‌ಗೆ ಹಿಡಿದು ಫಳಫಳ ಅನ್ನಿಸುವುದು, ಡಯಲ್ ಮಂಕಾಗಿದ್ದರೆ ಪೇಂಟಿಗೆ ಕಳಿಸುವುದು, ಮುಳ್ಳು ಕಪ್ಪಾಗಿದ್ದರೆ ಡಬ್ಬಿಯಲ್ಲಿದ್ದ ಬೇರೊಂದು ಜೊತೆ ಕೂರಿಸುವುದು. ಗಿರಾಕಿ ಕೈಗೆ ಕಟ್ಟಿಕೊಂಡು ‘ಹೊಸದರ ಹಾಗೆ ಮಾಡಿಬಿಟ್ರಿ’ ಅಂದರೆ ಅದೇ ನಮಗೆ ಮರ್ಯಾದೆ. ತಪ್ಪೇನಿಲ್ಲ. ಟೈಮ್ ನೋಡಲು ಇಟ್ಟುಕೊಂಡ ವಾಚು, ಆಫೀಸಿಗೆ ಹೋಗುವವರ ಕೈಯಲ್ಲಿ ಲಕ್ಷಣವಾಗಿ ಕಾಣಬೇಕು. ಆದರೆ ಈಗ ಹೇಳಿದ ಕೆಲಸಗಳಲ್ಲಿ ತೊಳೆದು ಎಣ್ಣೆ ಹಾಕುವುದು, ಗ್ಲಾಸ್ ಹಾಕುವುದು ಎರಡನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ಹರಾಜಿನ ಮನೆಯಲ್ಲಿ ಬೆಲೆ ಇಳಿಸುವ ಸಂಗತಿಗಳೇ. ಯಾರೂ ಚೆಂದ ಮಾಡಲು ಹೋಗದೆ ಉಳಿದುಕೊಂಡ ವಾಚಿಗೆ ಅಲ್ಲಿ ದುಡ್ಡು. ನಾನು ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ವಿವರ ಅಂತ ತಿಳಿ.

ಡಯಲಿನಿಂದ ಶುರು ಮಾಡು. ಹಳೆ ವಾಚಿನ ಬೆಲೆಯ ದೊಡ್ಡ ಪಾಲು ಇರುವುದು ಅಲ್ಲೇ. ಕೇಸಿನ ಒಳಗಿನ ಮಷೀನಿಗೆ ಬಿಡಿ ಭಾಗ ಹುಡುಕಬಹುದು, ಹಾಳಾದ ಡಯಲನ್ನು ಮಾತ್ರ ಯಾರೂ ಮೊದಲಿನ ಹಾಗೆ ಮಾಡಿಕೊಡಲಾರರು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಲೂಪ್ ಕೊಂಡು ಪರ್ಸಿನಲ್ಲಿ ಇಟ್ಟುಕೋ. ಕಾರ್ಖಾನೆಯಲ್ಲಿ ಅಕ್ಷರ ಕೊರೆದ ಲೋಹದ ತಗಡಿಗೆ ಶಾಯಿ ತುಂಬಿ, ಮೆತ್ತನೆಯ ದಿಂಡಿನಿಂದ ಅದನ್ನು ಎತ್ತಿ ಡಯಲಿನ ಮೇಲೆ ಒತ್ತುತ್ತಿದ್ದರು. ಹಾಗೆ ಬಿದ್ದ ಅಕ್ಷರದ ಅಂಚು ಚೂಪು, ಶಾಯಿ ಡಯಲಿನ ಮೈಯಿಂದ ತುಸು ಎದ್ದಂತೆ ಕಾಣುತ್ತದೆ. ಮತ್ತೆ ಪೇಂಟ್ ಮಾಡಿದ ಡಯಲಿನಲ್ಲಿ ಅಕ್ಷರ ದಪ್ಪ, ತುದಿಗಳು ಮೊಂಡು, ಸಾಲುಗಳ ನಡುವಿನ ಜಾಗ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ. ನಿಮಿಷದ ಗೆರೆಗಳನ್ನು ಸುತ್ತ ಒಂದೊಂದಾಗಿ ನೋಡುತ್ತ ಬಾ, ಎಲ್ಲೋ ಒಂದು ಕಡೆ ಗೆರೆ ಗಂಟೆಯ ಗುರುತಿಗೆ ನೇರವಾಗಿ ಬಂದಿರುವುದಿಲ್ಲ. ಆರರ ಕೆಳಗೆ, ಅಂಚಿನಲ್ಲಿ, ‘ಸ್ವಿಸ್ ಮೇಡ್’ ಅಂತ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಇರಬೇಕಾದದ್ದನ್ನು ಪೇಂಟ್ ಮಾಡುವವರು ಎಷ್ಟೋ ಸಲ ಮರೆತೇಬಿಡುತ್ತಾರೆ.

ನೀನು ಆಸೆಪಟ್ಟ ವಾಚಿನಲ್ಲಿ ಇನ್ನೊಂದು ಅನುಕೂಲವಿದೆ. ಆ ಕಾಲದ ಕಾನ್‌ಸ್ಟಲೇಷನ್‌ಗಳಲ್ಲಿ ಅನೇಕಕ್ಕೆ ಪೈ-ಪ್ಯಾನ್ ಅನ್ನುವ ಡಯಲ್. ಕವುಚಿಟ್ಟ ತಟ್ಟೆಯ ಹಾಗೆ ನಡುವೆ ಸಮತಟ್ಟು, ಸುತ್ತ ಇಳಿಜಾರು. ಆ ಇಳಿಜಾರಿನಲ್ಲಿ ಹನ್ನೆರಡು ಪಟ್ಟಿ. ಎರಡು ಪಟ್ಟಿ ಸೇರುವ ಕಡೆ ಕೂದಲೆಳೆಯಷ್ಟು ತೆಳ್ಳಗಿನ ಏಣು ಇರುತ್ತದೆ. ಬೆಳಕನ್ನು ಅಡ್ಡಕ್ಕೆ ಹಿಡಿದು ಡಯಲನ್ನು ಮೆಲ್ಲಗೆ ತಿರುಗಿಸಿದರೆ ಒಂದು ಪಟ್ಟಿ ಬೆಳಗಿ ಪಕ್ಕದ್ದು ಕಪ್ಪಾಗಬೇಕು, ನಡುವೆ ಗೆರೆ ಕೊಯ್ದ ಹಾಗೆ ಸ್ಪಷ್ಟವಾಗಿರಬೇಕು. ಹೊಸದಾಗಿ ಲ್ಯಾಕರ್ ಬಳಿದ ಡಯಲಿನಲ್ಲಿ ಆ ಏಣಿನ ಮೇಲೆ ಬಣ್ಣ ತುಂಬಿಕೊಂಡು ಗೆರೆ ಮಂಕಾಗಿರುತ್ತದೆ. ಅಂಟಿಸಿದ ಗಂಟೆ ಗುರುತುಗಳ ಬುಡವನ್ನೂ, ಆರರ ಮೇಲಿನ ನಕ್ಷತ್ರದ ಬುಡವನ್ನೂ ನೋಡು. ಅಲ್ಲಿ ಬಣ್ಣ ಹತ್ತಿದ್ದರೆ ಇನ್ನೇನೂ ನೋಡುವ ಅಗತ್ಯವಿಲ್ಲ.

ಡಯಲಿಗೆ ವಯಸ್ಸಾಗುವುದು ಬೇರೆ, ಕಾಯಿಲೆ ಬರುವುದು ಬೇರೆ. ಬೆಳ್ಳಿ ಬಣ್ಣದ್ದು ಒಂದೇ ಸಮನಾಗಿ ಕೆನೆ ಬಣ್ಣಕ್ಕೆ ತಿರುಗಿದ್ದರೆ ಅದು ವಯಸ್ಸು, ಬೆಲೆ ಕಡಿಮೆಯಾಗುವುದಿಲ್ಲ. ಅಂಚಿನಿಂದ ಒಳಕ್ಕೆ ಹಬ್ಬಿದ ಚುಕ್ಕೆ, ಗುಳ್ಳೆ, ಹಸಿರು ಕಲೆ ಇದ್ದರೆ ನೀರು ಹೋಗಿದೆ ಅಂತ ಲೆಕ್ಕ. ಮಷೀನಿನಲ್ಲೂ ತುಕ್ಕು ಕಾದಿರುತ್ತದೆ. ಕಪ್ಪು ಡಯಲ್ ಬಿಸಿಲಿಗೆ ಕಂದು ತಿರುಗಿದರೆ ಸಂಗ್ರಹಕಾರರು ಅದನ್ನು ‘ಟ್ರಾಪಿಕಲ್’ ಅಂತ ಕರೆದು ಮೇಲೆ ಬಿದ್ದು ಕೊಳ್ಳುತ್ತಾರೆ. ಬಣ್ಣ ಕೆಟ್ಟದ್ದಕ್ಕೆ ಹೆಚ್ಚು ದುಡ್ಡು ಕೊಡುವ ಈ ಹುಚ್ಚು ನನಗಂತೂ ಒಗ್ಗಿಲ್ಲ. ಅದರ ಕಥೆ ಎಲ್ಲಿಗೆ ಹೋಯಿತು ಅಂತ ಮುಂದೆ ಹೇಳುತ್ತೇನೆ.

ಡಯಲಿನ ಮೋಸ ಅಂದರೆ ಸ್ವಿಟ್ಜರ್ಲೆಂಡಿನವರೆಗೆ ಹೋಗಬೇಕಾಗಿಲ್ಲ. ನಮ್ಮ ಎಚ್‌ಎಂಟಿಯನ್ನೇ ತೆಗೆದುಕೋ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಕಾರ್ಖಾನೆ ಶುರುವಾಯಿತು, ಆಮೇಲೆ ತುಮಕೂರಿನಲ್ಲೂ ಆಯಿತು. ಜನತಾ, ಪೈಲಟ್, ಸೋನಾ, ಕಾಂಚನ್ ಅಂತ ಮದುವೆಯ ಉಡುಗೊರೆಗೂ ನಿವೃತ್ತಿಯ ಉಡುಗೊರೆಗೂ ಅವೇ. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನ ತೆಗೆದುಕೊಂಡ ಮೇಲೆ ಹಳೆಯ ಕೀ ಕೊಡುವ ವಾಚುಗಳಿಗೆ ಬೇಡಿಕೆ ಬಂತು. ಈಗ ಇಂಟರ್ನೆಟ್ಟಿನಲ್ಲಿ ಕೆಂಪು, ಹಳದಿ, ಗಿಳಿಹಸಿರು ಡಯಲಿನ ‘ಪೈಲಟ್’ಗಳನ್ನು ಹಳೆಯವು ಅಂತ ಮಾರುತ್ತಾರೆ. ಮಷೀನು ಎಚ್‌ಎಂಟಿಯದ್ದೇ, ಡಯಲಿನ ಬಣ್ಣ ಮಾತ್ರ ಯಾವುದೋ ಗಲ್ಲಿಯಲ್ಲಿ ಬಳಿದದ್ದು. ಫೇವರ್ ಲೂಬಾ, ವೆಸ್ಟ್ ಎಂಡ್ ಹೆಸರಿನಲ್ಲೂ ಇದೇ ಆಟ. ಹೊರದೇಶದ ಸಂಗ್ರಹಕಾರರು ಇಂಥವಕ್ಕೆ ‘ಮುಂಬೈ ಸ್ಪೆಷಲ್’ ಅಂತ ಹೆಸರಿಟ್ಟಿದ್ದಾರೆ. ಹೊಸ ಗಿರಾಕಿ ಬೀಳುವುದು ಅದರ ಬಣ್ಣಕ್ಕೆ, ಮಂಕಾದ ಬಿಳಿ ಡಯಲಿನ ಜನತಾ ಪಕ್ಕದಲ್ಲೇ ಬಿದ್ದಿರುತ್ತದೆ. ನಿನಗೆ ಕಣ್ಣು ಪಳಗಬೇಕಾದರೆ ಊರಿಗೆ ಬಂದಾಗ ನಿನ್ನ ಅಜ್ಜನ ಜನತಾ ವಾಚನ್ನು ಲೂಪಿನಲ್ಲಿ ಅರ್ಧ ಗಂಟೆ ನೋಡು. ಕಾರ್ಖಾನೆಯ ಅಕ್ಷರ ಹೇಗಿರುತ್ತದೆ ಅಂತ ಕಲಿಯಲು ಅದು ಸಾಕು.

ಕತ್ತಲಲ್ಲಿ ಹೊಳೆಯುವ ಪೇಂಟ್ ಇರುವ ವಾಚುಗಳಲ್ಲಿ ಕಾಲ ಹೇಳಲು ಅದೇ ಒಂದು ಸಾಕ್ಷಿ. 1960ರ ದಶಕದ ಮೊದಲ ವರ್ಷಗಳ ತನಕ ರೇಡಿಯಂ ಬಳಸುತ್ತಿದ್ದರು. ಆಮೇಲೆ ಟ್ರಿಟಿಯಂ ಬಂತು, 1990ರ ದಶಕದ ಕೊನೆಯವರೆಗೂ ಇತ್ತು. ಅನಂತರದ್ದು ಲುಮಿನೋವಾ. ಟ್ರಿಟಿಯಂ ಇದ್ದ ಡಯಲುಗಳಲ್ಲಿ ಆರರ ಕೆಳಗೆ ‘ಸ್ವಿಸ್’ ಪದದ ಎರಡೂ ಬದಿಗೆ ಇಂಗ್ಲಿಷ್ ‘ಟಿ’ ಅಕ್ಷರ ಹಾಕುವ ರೂಢಿ ಬಂತು. 1957ರ ವಾಚು ಅಂತ ಮಾರುತ್ತಿದ್ದಾರೆ, ಡಯಲಿನಲ್ಲಿ ‘ಟಿ’ ಇದೆ ಅಂದರೆ ಡಯಲ್ ಆಮೇಲೆ ಹಾಕಿದ್ದು. ಟ್ರಿಟಿಯಂ ಪ್ರತಿ ಹನ್ನೆರಡು ಚಿಲ್ಲರೆ ವರ್ಷಕ್ಕೆ ಅರ್ಧಕ್ಕೆ ಇಳಿಯುತ್ತದೆ, ಹಾಗಾಗಿ ಅರವತ್ತರ ದಶಕದ ವಾಚು ಇವತ್ತು ಟಾರ್ಚ್ ಬಿಟ್ಟ ಮೇಲೆ ರಾತ್ರಿಯೆಲ್ಲ ಬೆಳಗುತ್ತಿದ್ದರೆ ಪೇಂಟ್ ಹೊಸದು. ಮುಳ್ಳಿನ ಪೇಂಟೂ ಡಯಲಿನ ಪೇಂಟೂ ಒಂದೇ ಬಣ್ಣಕ್ಕೆ ತಿರುಗಿರಬೇಕು, ಒಂದು ಕೆನೆ, ಇನ್ನೊಂದು ಹಸಿರು ಆಗಿರಬಾರದು. ರೇಡಿಯಂ ಕಥೆ ಬೇರೆ. ಅದು ಅರ್ಧಕ್ಕೆ ಇಳಿಯಲು ಸುಮಾರು 1600 ವರ್ಷ ಬೇಕು. ಹೊಳೆಯುವುದು ನಿಂತಿದೆ ಅಂದರೆ ಅದರ ಜೊತೆಗಿನ ರಾಸಾಯನಿಕ ಸುಟ್ಟುಹೋಗಿದೆ ಅಂತ ಅಷ್ಟೇ, ರೇಡಿಯಂ ಅಲ್ಲೇ ಕೂತಿದೆ. ಅಂಥ ವಾಚನ್ನು ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿ ಕೆರೆಯುವ ಸಾಹಸ ಮಾಡಬೇಡ, ಆ ಪುಡಿ ಉಸಿರಿಗೆ ಹೋಗಬಾರದು. ನಿನ್ನ ಕಾನ್‌ಸ್ಟಲೇಷನ್‌ನಲ್ಲಿ ಈ ಪೇಂಟ್ ಇಲ್ಲ ಅಂತ ಫೋಟೋದಲ್ಲಿ ಕಾಣುತ್ತದೆ, ಆದರೂ ಮುಂದಕ್ಕೆ ಬೇಕಾಗುತ್ತದೆ ಅಂತ ಹೇಳಿದೆ.

ಈಗ ಕೇಸು. ಗೀರಿಗೆ ಹೆದರಬೇಡ, ಗೀರು ಇಲ್ಲದ್ದಕ್ಕೆ ಹೆದರು. ಬಫ್ ಅನ್ನುವುದು ಗೀರನ್ನು ತುಂಬುವುದಿಲ್ಲ, ಗೀರಿನ ಆಳದ ತನಕ ಸುತ್ತಲಿನ ಲೋಹವನ್ನೇ ತೆಗೆದುಹಾಕುತ್ತದೆ. ಹತ್ತು ಸಲ ರಿಪೇರಿಗೆ ಹೋದ ವಾಚು ಹತ್ತು ಸಲ ಸವೆದಿರುತ್ತದೆ. ಮೊದಲು ಹೋಗುವುದು ಲಗ್ಗು, ಅಂದರೆ ಬೆಲ್ಟ್ ಸಿಕ್ಕಿಸುವ ನಾಲ್ಕು ಕೊಂಬುಗಳು. ನಿನ್ನ ಮಾಡೆಲಿನ ಲಗ್ಗು ನಾಯಿಯ ಹಿಂಗಾಲಿನಂತೆ ಬಾಗಿ, ಮೇಲೆ ಓರೆಯಾಗಿ ಕೆತ್ತಿದ ಮುಖಗಳನ್ನು ಹೊಂದಿರುವಂಥದ್ದು. ಎರಡು ಮುಖ ಸೇರುವ ಅಂಚಿಗೆ ಉಗುರು ತಾಗಿಸಿದರೆ ಚುರುಕ್ ಅನ್ನಬೇಕು. ದುಂಡಗಾಗಿದ್ದರೆ ಪಾಲಿಶ್ ಆಗಿದೆ. ನಾಲ್ಕೂ ಲಗ್ಗು ಒಂದೇ ದಪ್ಪ ಇದೆಯೇ ಅಂತ ವಾಚನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡು. ಬಫ್ ಚಕ್ರಕ್ಕೆ ಕೈಯಲ್ಲಿ ಹಿಡಿದದ್ದು ಸಮನಾಗಿ ಸವೆಯುವುದಿಲ್ಲ.

ಹಿಂಬದಿಯನ್ನು ತಿರುಗಿಸು. ಕಾನ್‌ಸ್ಟಲೇಷನ್‌ನ ಬೆನ್ನಿಗೆ ಒಂದು ಪದಕ ಕೂರಿಸಿರುತ್ತಾರೆ: ಖಗೋಳ ವೀಕ್ಷಣಾಲಯದ ಕಟ್ಟಡ, ಮೇಲೆ ಆಕಾಶದಲ್ಲಿ ಎಂಟು ನಕ್ಷತ್ರ. ವಾಚು ಕಟ್ಟಿಕೊಂಡಾಗ ಬೆವರು ಕೂರುವುದೂ ಕೈಯ ಚರ್ಮ ಉಜ್ಜುವುದೂ ಅಲ್ಲಿಯೇ. ಗುಮ್ಮಟದ ಗೆರೆ ಎಣಿಸುವಂತಿದ್ದರೆ, ಎಂಟೂ ನಕ್ಷತ್ರಕ್ಕೆ ಮೂಲೆ ಉಳಿದಿದ್ದರೆ, ಆ ವಾಚು ಹೆಚ್ಚು ಪಾಡು ಪಟ್ಟಿಲ್ಲ. ಮುಂದೆ ಹೊಸದಾಗಿ ಹೊಳೆದು ಹಿಂದೆ ನಕ್ಷತ್ರ ಅಳಿಸಿಹೋಗಿದ್ದರೆ ಮುಖ ಹೇಳುತ್ತಿರುವುದು ಸುಳ್ಳು. ನಿನ್ನ ಕ್ಯಾಟಲಾಗಿನಲ್ಲಿ ಹಿಂಬದಿಯ ಫೋಟೋ ಇಲ್ಲವೇ ಇಲ್ಲ, ಗಮನಿಸಿದೆಯಾ?

ಇತ್ತೀಚೆಗೆ ಲಗ್ಗಿಗೆ ಲೇಸರ್‌ನಲ್ಲಿ ಲೋಹ ತುಂಬಿ ಮತ್ತೆ ಏಣು ತೆಗೆಯುವ ಕುಶಲ ಕೆಲಸಗಾರರೂ ಇದ್ದಾರೆ. ಹಾಗಾಗಿ ಲಗ್ಗು ಕತ್ತಿಯಂತಿದೆ, ಹಿಂಬದಿಯ ಗುರುತು ಸವೆದಿದೆ ಅಂದರೆ ಅದೂ ಅನುಮಾನವೇ. ಒಂದು ವಾಚಿನ ಎಲ್ಲ ಭಾಗಕ್ಕೂ ಒಂದೇ ವಯಸ್ಸು ಕಾಣಬೇಕು.

ಚಿನ್ನದ ಮೇಲಿನ ನಮ್ಮ ಜನರ ಮೋಹದ ಬಗ್ಗೆಯೂ ಒಂದು ಮಾತು. ನಿನ್ನ ಅಮ್ಮನಿಗೆ ಹೇಳಿದರೆ ಸ್ಟೀಲಿಗೆ ಯಾಕೆ ಅಷ್ಟು ದುಡ್ಡು, ಚಿನ್ನದ್ದು ತೆಗೆದುಕೋ, ತೂಕಕ್ಕಾದರೂ ಬರುತ್ತದೆ ಅನ್ನುತ್ತಾಳೆ. ಹರಾಜಿನಲ್ಲಿ ತೂಕದ ಲೆಕ್ಕ ನಡೆಯುವುದಿಲ್ಲ. ಪಾಟೆಕ್ ಫಿಲಿಪ್ ಕಂಪನಿಯ 1518 ಅನ್ನುವ ಮಾಡೆಲ್ 1941ರಲ್ಲಿ ಬಂತು. ಒಟ್ಟು ಮಾಡಿದ್ದೇ 281. ಹೆಚ್ಚುಕಡಿಮೆ ಎಲ್ಲವೂ ಚಿನ್ನದವು, ಸ್ಟೀಲಿನವು ಗೊತ್ತಿರುವುದು ನಾಲ್ಕೇ. 2016ರ ನವೆಂಬರಿನಲ್ಲಿ ಜಿನೀವಾದ ಫಿಲಿಪ್ಸ್ ಹರಾಜಿನಲ್ಲಿ ಆ ನಾಲ್ಕರಲ್ಲೊಂದು ವಾಚು ಒಂದು ಕೋಟಿ ಹತ್ತು ಲಕ್ಷ ಫ್ರಾಂಕಿಗೆ ಹೋಯಿತು. ಚಿನ್ನದ್ದು ಸಾಮಾನ್ಯವಾಗಿ ಅಷ್ಟಕ್ಕೆ ಹೋಗುವುದಿಲ್ಲ. ಜೊತೆಗೆ ಚಿನ್ನ ಮೆತ್ತಗೆ, ಬಫ್‌ಗೆ ಬೇಗ ಕರಗುತ್ತದೆ. ಚಿನ್ನದ ಹಳೆ ವಾಚು ನೋಡುವಾಗ ಲಗ್ಗಿನ ಕೆಳಗೋ ಬದಿಯಲ್ಲೋ ಇರುವ ಹಾಲ್‌ಮಾರ್ಕ್ ಮುದ್ರೆ ಓದಲು ಬರುತ್ತದೆಯೇ ಅನ್ನುವುದೊಂದೇ ಸಾಕು, ಕೇಸಿನ ಜಾತಕ ಗೊತ್ತಾಗುತ್ತದೆ.

ಮಷೀನಿನ ವಿಷಯದಲ್ಲಿ ನಾನು ಉದ್ದ ಹೇಳಬೇಕು ಅಂತ ನೀನು ಅಂದುಕೊಂಡಿರಬಹುದು, ಜೀವನವೆಲ್ಲ ಅದರ ಜೊತೆಗೇ ಕಳೆದವನು. ನಿಜ ಏನೆಂದರೆ ಹರಾಜಿನಲ್ಲಿ ಅದಕ್ಕೆ ಮೂರನೇ ಜಾಗ. ನಡೆಯದ ಮಷೀನನ್ನು ನಡೆಸಬಹುದು. ನೋಡಬೇಕಾದದ್ದು ಅದು ಆ ವಾಚಿನದ್ದೇ ಹೌದೋ ಅಲ್ಲವೋ ಅನ್ನುವುದು. ಬೆನ್ನು ಬಿಚ್ಚಿ ತೋರಿಸಿ ಅಂತ ಕೇಳು. ಪ್ರದರ್ಶನದ ದಿನಗಳಲ್ಲಿ ಕೇಳಿದರೆ ಅವರ ತಜ್ಞರೇ ಬಿಚ್ಚಿ ತೋರಿಸುತ್ತಾರೆ. ಆ ಕಾಲದ ಒಮೆಗಾ ಮಷೀನಿಗೆ ತಾಮ್ರದ ಕೆಂಪು. ತಾರೀಕಿನ ಕಾನ್‌ಸ್ಟಲೇಷನ್‌ನಲ್ಲಿ 561 ಅನ್ನುವ ಕ್ಯಾಲಿಬರ್, 24 ಜ್ಯುವೆಲ್, ಐದು ಭಂಗಿಗಳಲ್ಲೂ ಉಷ್ಣಾಂಶಕ್ಕೂ ಹೊಂದಿಸಲಾಗಿದೆ ಅಂತ ಕೊರೆದಿರಬೇಕು. ಆ ಬರಹ ಇಲ್ಲದೆ ಸಾಧಾರಣ ಮಷೀನು ಒಳಗೆ ಕೂತಿದ್ದರೆ ಯಾರೋ ಹೊಟ್ಟೆ ಬದಲಾಯಿಸಿದ್ದಾರೆ. ಸ್ಕ್ರೂಗಳ ತಲೆ ನೋಡು. ಸೀಳು ನೆಟ್ಟಗೆ ಇದ್ದರೆ ಒಳ್ಳೆಯ ಕೈ ಬಿಚ್ಚಿದೆ, ತಲೆ ಕಿತ್ತುಹೋಗಿ ಸುತ್ತ ಗೀಚಿದ್ದರೆ ಚಾಕುವಿನ ತುದಿಯಲ್ಲಿ ಬಿಚ್ಚಿದವರ ಕೆಲಸ. ಕೀ ಕೊಡುವ ಕಡ್ಡಿಯ ಸುತ್ತ ತುಕ್ಕು ಇದೆಯೇ ನೋಡು, ನೀರು ಮೊದಲು ಇಳಿಯುವುದು ಅಲ್ಲಿಂದಲೇ.

ಇಷ್ಟೆಲ್ಲ ನೋಡಿದರೂ ಏಮಾರುವುದುಂಟು ಅನ್ನುವುದಕ್ಕೆ ಮೇಲೆ ಹೇಳಿದ ಟ್ರಾಪಿಕಲ್ ಡಯಲಿನ ಕಥೆ ಕೇಳು. 2021ರ ನವೆಂಬರಿನಲ್ಲಿ ಜಿನೀವಾದಲ್ಲೇ 1957ರ ಒಮೆಗಾ ಸ್ಪೀಡ್‌ಮಾಸ್ಟರ್ ಒಂದು ಹರಾಜಿಗೆ ಬಂತು. 2915-1 ಅನ್ನುವ ಮೊಟ್ಟಮೊದಲ ಮಾಡೆಲ್, ಡಯಲ್ ಹದವಾಗಿ ಕಾಫಿ ಕಂದಿಗೆ ತಿರುಗಿತ್ತು. ಅಂದಾಜು ಹಾಕಿದ್ದು 80,000ದಿಂದ 1,20,000 ಫ್ರಾಂಕ್. ಕೂಗು ಏರುತ್ತಾ ಏರುತ್ತಾ ಕಮಿಷನ್ ಸೇರಿ 31,15,500 ಫ್ರಾಂಕಿಗೆ ನಿಂತಿತು. ಕೊಂಡವರು ಯಾರು? ಒಮೆಗಾ ಕಂಪನಿಯೇ, ತನ್ನ ಮ್ಯೂಸಿಯಮ್ಮಿಗೆ. 2023ರಲ್ಲಿ ಕಂಪನಿ ತಾನೇ ಬಾಯಿಬಿಟ್ಟು ಹೇಳಿತು: ಅದು ಬೇರೆ ಬೇರೆ ವಾಚುಗಳ ಭಾಗ ಕೂಡಿಸಿ ಮಾಡಿದ ಬೆರಕೆ, ಮ್ಯೂಸಿಯಮ್ಮಿನ ಮಾಜಿ ಮುಖ್ಯಸ್ಥರೂ ಸೇರಿ ತನ್ನ ಮೂವರು ಮಾಜಿ ನೌಕರರ ಕೈ ಇದರಲ್ಲಿದೆ, ಅಂತ. ಈ ಬೆರಕೆಗೆ ಸಂಗ್ರಹಕಾರರ ಬಾಯಲ್ಲಿ ‘ಫ್ರಾಂಕನ್’ ಅಂತ ಹೆಸರು. ಭಾಗಗಳೆಲ್ಲ ಅಸಲಿ ಇರಬಹುದು, ಒಂದೇ ವಾಚಾಗಿ ಹುಟ್ಟಿಲ್ಲ ಅಷ್ಟೇ. ವಾಚು ಮಾಡುವ ಕಂಪನಿಗೇ ತನ್ನ ಮಾಲು ಗುರುತು ಹಿಡಿಯಲು ಹೆಚ್ಚುಕಡಿಮೆ ಎರಡು ವರ್ಷ ಬೇಕಾಯಿತು ಅಂದಮೇಲೆ ಫೋಟೋ ನೋಡಿ ಫೋನಿನಲ್ಲಿ ಕೂಗುವವರ ಪಾಡೇನು.

ಅಂದಾಜಿನ ಮೂವತ್ತು ಪಟ್ಟು ಹೋದದ್ದು ಕೂಡ ಒಂದು ಪಾಠ. ಕ್ಯಾಟಲಾಗಿನ ಅಂದಾಜು ಬೆಲೆ ಅಲ್ಲ, ಅದು ಕರೆಯುವ ಪತ್ರ. ಕಡಿಮೆ ಹಾಕಿದರೆ ಹೆಚ್ಚು ಜನ ಬರುತ್ತಾರೆ. ಹೆಚ್ಚು ಕೂಗುವ ಇಬ್ಬರು ಬಂದರೆ ಸಾಕು, ಬೆಲೆಗೆ ತಲೆಬುಡ ಇರುವುದಿಲ್ಲ.

ಸ್ಪೀಡ್‌ಮಾಸ್ಟರ್ ವಿಷಯ ಬಂತಲ್ಲ, ಸಣ್ಣದೊಂದು ಹೇಳಿಬಿಡುತ್ತೇನೆ. ಹೆಚ್ಚಿನ ಸ್ಪೀಡ್‌ಮಾಸ್ಟರ್‌ಗಳ ಸುತ್ತಿನ ಕಪ್ಪು ಬಳೆಯಲ್ಲಿ ವೇಗದ ಅಂಕಿಗಳಿರುತ್ತವೆ. ಹಳೆಯವುಗಳಲ್ಲಿ 90ರ ಅಂಕಿಯ ಚುಕ್ಕೆ ಅದರ ನೆತ್ತಿಯ ಮೇಲೆ, ಆಮೇಲಿನವುಗಳಲ್ಲಿ ಪಕ್ಕಕ್ಕೆ. ಸಾಸಿವೆಗಿಂತ ಸಣ್ಣ ಚುಕ್ಕೆ ಒಂದಿಷ್ಟು ಸರಿದದ್ದಕ್ಕೆ, ಹಳೆಯ ಬಳೆ ಒಂದೇ ಬಿಡಿಯಾಗಿ ಸಾವಿರ ಡಾಲರ್ ದಾಟಿ ಮಾರಾಟವಾಗುತ್ತದೆ. ಬಿಡಿಯಾಗಿ ಸಿಗುತ್ತದೆ ಅಂದರೆ ತಪ್ಪು ವಾಚಿಗೂ ಹಾಕಬಹುದು ಅಂತ ಅರ್ಥ ಮಾಡಿಕೋ.

ಕಾಗದಪತ್ರ ಅಂದರೆ ಎಲ್ಲರೂ ಡಬ್ಬಿ ಮತ್ತು ಗ್ಯಾರಂಟಿ ಕಾರ್ಡಿಗೆ ಮರುಳಾಗುತ್ತಾರೆ. ಹಳೆ ಡಬ್ಬಿ ಸಂತೆಯಲ್ಲಿ ಸಿಗುತ್ತದೆ. ಕಾರ್ಡಿನ ನಂಬರ್ ವಾಚಿನ ನಂಬರಿಗೆ ಕೂಡಿದರೆ ಮಾತ್ರ ಅದಕ್ಕೆ ಬೆಲೆ. ಪಾಟೆಕ್ ಫಿಲಿಪ್‌ನಂಥ ಕಂಪನಿಗಳು ತಮ್ಮ ಹಳೆ ಕಡತ ನೋಡಿ ಪತ್ರ ಕೊಡುತ್ತವೆ; ಅದರಲ್ಲಿ ಮಷೀನಿನ ನಂಬರ್, ತಯಾರಾದ ಕಾಲ, ಮಾರಿದ ದಿನ ಇರುತ್ತದೆ. ಇವತ್ತು ಆ ಕೇಸಿನಲ್ಲಿರುವ ಡಯಲ್ ಅಂದಿನದ್ದೇ ಅಂತ ಆ ಪತ್ರ ಹೇಳುವುದಿಲ್ಲ. ಈ ವ್ಯತ್ಯಾಸ ಅನೇಕರಿಗೆ ಹೊಳೆಯುವುದಿಲ್ಲ.

ಯಾರ ಕೈಯಲ್ಲಿತ್ತು ಅನ್ನುವುದಕ್ಕೂ ಬೆಲೆಯಿದೆ, ಆದರೆ ಪುರಾವೆ ಬೇಕು. ನಟ ಪಾಲ್ ನ್ಯೂಮನ್ ಕಟ್ಟುತ್ತಿದ್ದ ರೋಲೆಕ್ಸ್ ಡೇಟೋನಾ 2017ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ಹರಾಜಾಯಿತು. ಬೆನ್ನಿನ ಮೇಲೆ ಹೆಂಡತಿ ಜೋಆನ್ ವುಡ್‌ವರ್ಡ್ ‘ಜೋಪಾನವಾಗಿ ಗಾಡಿ ಓಡಿಸು’ ಅನ್ನುವ ಅರ್ಥದ ಮಾತು ಕೊರೆಸಿದ್ದರು. ಮಗಳ ಸ್ನೇಹಿತನಿಗೆ ಆ ನಟ 1984ರಲ್ಲಿ ಅದನ್ನು ಕೊಟ್ಟುಬಿಟ್ಟಿದ್ದ. ಮಾರಲು ತಂದದ್ದು ಅವನೇ, ಮಗಳೇ ಸಾಕ್ಷಿ ಬರೆದುಕೊಟ್ಟಳು. ನಮ್ಮ ಕಡೆ ‘ಇದು ಮಹಾರಾಜರ ಮನೆಯ ವಾಚು ಸಾರ್’ ಅನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ಕೈಯಲ್ಲಿ ಕಾಗದ ಇಲ್ಲದಿದ್ದರೆ ಕಥೆಗೆ ಕಾಸು ಕೊಡಬೇಡ.

ಅದೇ ಡೇಟೋನಾದಿಂದ ಇನ್ನೊಂದು ಲೆಕ್ಕವನ್ನೂ ಕಲಿತುಕೋ. ಸುತ್ತಿಗೆ ಬಿದ್ದದ್ದು 1,55,00,000 ಡಾಲರಿಗೆ. ಕೊಂಡವರು ಕೊಟ್ಟದ್ದು 1,77,52,500. ನಡುವಿನ ಇಪ್ಪತ್ತೆರಡು ಲಕ್ಷ ಚಿಲ್ಲರೆ ಹರಾಜಿನ ಮನೆಯ ಕಮಿಷನ್. ದೊಡ್ಡ ಮೊತ್ತಕ್ಕೆ ದರ ಇಳಿಯುತ್ತದೆ. ನಿನ್ನಂಥವರು ಕೊಳ್ಳುವ ಮಟ್ಟದಲ್ಲಿ ಸುಮಾರು ಕಾಲು ಭಾಗ, ಕೆಲವು ಕಡೆ ಅದಕ್ಕಿಂತ ತುಸು ಹೆಚ್ಚೇ. ಕ್ಯಾಟಲಾಗಿನ ಅಂದಾಜಿನಲ್ಲಿ ಈ ಕಮಿಷನ್ ಸೇರಿರುವುದಿಲ್ಲ, ಆದರೆ ಹರಾಜಾದ ಮೇಲೆ ಪ್ರಕಟಿಸುವ ಬೆಲೆಯಲ್ಲಿ ಸೇರಿರುತ್ತದೆ. ಹಳೆಯ ಫಲಿತಾಂಶ ನೋಡಿ ಅಷ್ಟೇ ಮೊತ್ತ ಕೂಗಿದರೆ ನೀನು ಕಾಲು ಭಾಗ ಹೆಚ್ಚು ಕೊಟ್ಟ ಹಾಗೆ. ಅದಕ್ಕೇ ಹಿಂದಿನಿಂದ ಲೆಕ್ಕ ಹಾಕು. ಕೈಯಿಂದ ಒಟ್ಟು 5,000 ಫ್ರಾಂಕ್ ಹೋಗಬಹುದು ಅಂತಿದ್ದರೆ, ಕಮಿಷನ್ ಕಾಲು ಭಾಗವಾದರೆ, ನಿನ್ನ ಕಡೆಯ ಕೂಗು 4,000. ತೆರಿಗೆಗೂ ಸರ್ವಿಸಿಗೂ ಜಾಗ ಬಿಡಲು ಅದಕ್ಕಿಂತಲೂ ಕೆಳಗೆ ನಿಲ್ಲಬೇಕು. ಊರಿಗೆ ತರುವಾಗ ನಮ್ಮ ಕಸ್ಟಮ್ಸಿನವರೂ ಕೈ ಚಾಚುತ್ತಾರೆ. ಮೊಸಳೆ ಚರ್ಮದ ಬೆಲ್ಟ್ ಇದ್ದರೆ ಅದನ್ನು ಹರಾಜಿನವರೇ ಬಿಚ್ಚಿಟ್ಟುಕೊಂಡು ವಾಚು ಮಾತ್ರ ಕೊಡುವುದೂ ಉಂಟು, ವನ್ಯಜೀವಿ ಕಾನೂನಿನ ಭಯಕ್ಕೆ.

ಸ್ಥಿತಿಯ ವರದಿ ಅಂತ ಒಂದು ಕೊಡುತ್ತಾರೆ, ಕೇಳಿ ತರಿಸಿಕೋ, ಆದರೆ ಅದರ ಭಾಷೆ ಓದಲು ಕಲಿ. ‘ಹಿಂದೆ ಪಾಲಿಶ್ ಆಗಿರಬಹುದು’ ಅಂದರೆ ಆಗಿದೆ. ‘ಡಯಲ್ ಬಹುಶಃ ನವೀಕರಿಸಿದ್ದು’ ಅಂದರೆ ಪೇಂಟ್ ಮಾಡಿದ್ದು. ‘ವಯಸ್ಸಿಗೆ ತಕ್ಕ ಹಾಗಿದೆ’ ಅಂದರೆ ಏನೂ ಹೇಳಲು ಇಷ್ಟವಿಲ್ಲ. ‘ಈಗ ನಡೆಯುತ್ತಿದೆ’ ಅಂದರೆ ನಾಳೆಯ ಮಾತು ಅವರದಲ್ಲ. ಡಯಲ್ ಅಸಲಿ ಅಂತ ವರದಿ ಬಾಯಿಬಿಟ್ಟು ಹೇಳದಿದ್ದರೆ, ಅಸಲಿ ಅಲ್ಲ ಅಂತಲೇ ಇಟ್ಟುಕೊಂಡು ಬೆಲೆ ಕಟ್ಟು. ಕಡೆಯ ಪುಟದ ಷರತ್ತಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಮಾರುತ್ತೇವೆ, ರಿಪೇರಿಯಲ್ಲಿ ಬೇರೆ ಭಾಗ ಸೇರಿರಬಹುದು ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅದನ್ನು ಓದಿಯೇ ಕೈ ಎತ್ತಬೇಕು.

ಇನ್ನು ನೀನು ಕೇಳಿದ್ದಕ್ಕೆ ಉತ್ತರ. ಒಮೆಗಾದವರು ಕಾನ್‌ಸ್ಟಲೇಷನ್‌ಗಳನ್ನು ರಾಶಿ ರಾಶಿ ಮಾಡಿದ್ದಾರೆ, ಅಪರೂಪದ ವಾಚಲ್ಲ ಅದು. ಇದು ಹೋದರೆ ಮೇ ತಿಂಗಳ ಹರಾಜಿನಲ್ಲಿ ಇನ್ನೊಂದು, ಅಲ್ಲೂ ಬಿಟ್ಟರೆ ಮತ್ತೊಂದು. ಅದೇ ರೆಫರೆನ್ಸ್ ನಂಬರಿನದ್ದು ಕಳೆದ ಎರಡು ಮೂರು ವರ್ಷದಲ್ಲಿ ಎಷ್ಟೆಷ್ಟಕ್ಕೆ ಹೋಗಿದೆ ಅಂತ ಹರಾಜಿನ ಮನೆಗಳ ಹಳೆಯ ಫಲಿತಾಂಶಗಳಲ್ಲಿ ನೋಡು. ಎಲ್ಲಕ್ಕಿಂತ ಮೇಲಿನದ್ದನ್ನು ಲೆಕ್ಕದಿಂದ ಬಿಟ್ಟುಬಿಡು, ಅದರ ಹಿಂದೆ ಇಬ್ಬರ ಹಠ ಇರುತ್ತದೆ. ಲಗ್ಗು ಚೂಪಾಗಿದ್ದು ಡಯಲ್ ಮುಟ್ಟದ್ದಾದರೆ ಉಳಿದವುಗಳ ಮೇಲಂಚಿನ ತನಕ ಹೋಗು, ನಿಶ್ಚಿಂತೆಯಿಂದ ಹೋಗು. ಲಗ್ಗು ದುಂಡಗಾಗಿ ಡಯಲ್ ಚೆನ್ನಾಗಿದ್ದರೆ ಕೆಳಗಿನ ಅಂಚು. ಡಯಲೇ ಪೇಂಟ್ ಮಾಡಿದ್ದಾದರೆ ಪುಕ್ಕಟೆ ಸಿಕ್ಕರೂ ಸಂಗ್ರಹಕ್ಕೆ ಬೇಡ, ದಿನಾ ಕಟ್ಟಿಕೊಳ್ಳಲು ಬೇಕಾದರೆ ಅಂಗಡಿಯಲ್ಲಿ ಹರಾಜಿಗಿಂತ ಅಗ್ಗಕ್ಕೆ ಸಿಗುತ್ತದೆ. ಮೊತ್ತವನ್ನು ಹಿಂದಿನ ದಿನವೇ ಚೀಟಿಯಲ್ಲಿ ಬರೆದಿಟ್ಟುಕೋ. ಕೂಗು ಏರಿದಾಗ ಚೀಟಿ ನೋಡು, ಎದುರಿನವರ ಮುಖ ನೋಡಬೇಡ.

ಕೊಂಡ ಮೇಲೆ ಸರ್ವಿಸಿಗೆ ಕೊಡುವಾಗ ಬರವಣಿಗೆಯಲ್ಲಿ ಕೊಡು: ಕೇಸ್ ಪಾಲಿಶ್ ಮಾಡಬಾರದು, ಡಯಲ್ ಮುಳ್ಳು ಬದಲಾಯಿಸಬಾರದು, ತೆಗೆದ ಹಳೆ ಭಾಗ ಏನೇ ಇರಲಿ ಪೊಟ್ಟಣ ಕಟ್ಟಿ ವಾಪಸ್ ಕೊಡಬೇಕು. ಕಂಪನಿಯ ಸರ್ವಿಸ್ ಸೆಂಟರಿನವರು ಕೂಡ ಕೇಳದಿದ್ದರೆ ಹೊಸ ಮುಳ್ಳು ಹಾಕಿ ಫಳಫಳ ಮಾಡಿ ಕಳಿಸುತ್ತಾರೆ, ನಮ್ಮ ಚಿಕ್ಕಪೇಟೆಯವರ ಹಾಗೆಯೇ.

ಜೂರಿಕ್‌ನಿಂದ ಜಿನೀವಾಕ್ಕೆ ರೈಲಿನಲ್ಲಿ ಮೂರು ಗಂಟೆಯೊಳಗಿನ ದಾರಿ. ಪ್ರದರ್ಶನದ ದಿನ ಖುದ್ದಾಗಿ ಹೋಗು, ಲೂಪ್ ಮರೆಯಬೇಡ. ಅದಕ್ಕೂ ಮೊದಲು ಇವತ್ತೇ ಅವರಿಗೆ ಬರೆದು ಮೂರು ಫೋಟೋ ಕೇಳು: ಹಿಂಬದಿಯ ಪದಕದ್ದು, ಬದಿಯಿಂದ ತೆಗೆದ ಲಗ್ಗಿನದ್ದು, ಬೆನ್ನು ಬಿಚ್ಚಿದ ಮಷೀನಿನದ್ದು. ಬಂದರೆ ನನಗೂ ಕಳಿಸು. ಎಂಟು ನಕ್ಷತ್ರ ನೆಟ್ಟಗೆ ಕಾಣದಿದ್ದರೆ ಆ ವಾಚಿಗೆ ಕೂಗಬೇಡ.